ಕಾಡತೂಸಿನ ಮೇಲಿನ ಬರಹವನ್ನು ಓದುವ ಕ್ರಮ: ಕಿರ್ಕ್ ಹತ್ಯೆ ಕುರಿತ ಅಧ್ಯಯನ ಟಿಪ್ಪಣಿ

2025ರ ಸೆಪ್ಟೆಂಬರ್ 10ರಂದು ಅಮೆರಿಕದ ಯೂಟಾ ವ್ಯಾಲಿ ವಿಶ್ವವಿದ್ಯಾಲಯದಲ್ಲಿ ಬಲಪಂಥೀಯ ಭಾಷಣಕಾರ ಚಾರ್ಲಿ ಕಿರ್ಕ್ ಹತ್ಯೆಯಾಯಿತು. ಹಾರಿದ್ದು ಒಂದೇ ಗುಂಡು. ಸಿಕ್ಕ ಬಂದೂಕಿನಲ್ಲಿ ಒಂದು ಖಾಲಿ ಕಾಡತೂಸು, ಹಾರದ ಮೂರು ಕಾಡತೂಸುಗಳಿದ್ದವು. ನಾಲ್ಕರ ಮೇಲೂ ಕೆತ್ತನೆ. ಜನ ಆ ನಾಲ್ಕು ಬರಹಗಳನ್ನು ಹೇಗೆ ಓದಿದರು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ದಿನಾಂಕಗಳ ಕ್ರಮ ಮೊದಲು. ಸೆಪ್ಟೆಂಬರ್ 11ರಂದು ವಾಲ್ ಸ್ಟ್ರೀಟ್ ಜರ್ನಲ್, ತನಿಖಾ ಸಂಸ್ಥೆಯ ಒಳಸುತ್ತೋಲೆಯನ್ನು ಆಧರಿಸಿ, ಕೆತ್ತನೆಯಲ್ಲಿ ಟ್ರಾನ್ಸ್‌ಜೆಂಡರ್ ಪರ ಹಾಗೂ ಫ್ಯಾಸಿಸಂ ವಿರೋಧಿ ವಿಚಾರಗಳಿವೆ ಎಂದು ಬರೆಯಿತು. ಮರುದಿನ ಯೂಟಾ ರಾಜ್ಯದ ಗವರ್ನರ್ ಸ್ಪೆನ್ಸರ್ ಕಾಕ್ಸ್ ನಾಲ್ಕನ್ನೂ ಓದಿ ಹೇಳಿದರು. ಟ್ರಾನ್ಸ್‌ಜೆಂಡರ್ ಜನರ ಪ್ರಸ್ತಾಪ ಒಂದರಲ್ಲೂ ಇರಲಿಲ್ಲ. ಪತ್ರಿಕೆ ತನ್ನ ವರದಿಗೆ ಸಂಪಾದಕರ ಟಿಪ್ಪಣಿ ಸೇರಿಸಿತು. ಅಷ್ಟರೊಳಗೆ ಜಾಲತಾಣಗಳಲ್ಲಿ ಇಡೀ ಸಮುದಾಯವನ್ನು ಕಟಕಟೆಯಲ್ಲಿ ನಿಲ್ಲಿಸಿಯಾಗಿತ್ತು. ಈ ಅನ್ಯಾಯವನ್ನು ಪತ್ರಿಕೋದ್ಯಮ ಓದುವ ನಾವು ಮರೆಯಬಾರದು.

ಹಾರಿದ ಕಾಡತೂಸಿನ ಮೇಲಿದ್ದದ್ದು ಅಂತರ್ಜಾಲದ ಹಳೆಯ ಅಶ್ಲೀಲ ಚೇಷ್ಟೆಯ ಸಾಲು. ಮತ್ತೊಂದರ ಮೇಲೆ, ಓದಿದವನೇ ಸಲಿಂಗಿ ಎಂಬ ಗೇಲಿ. ಇನ್ನೊಂದರಲ್ಲಿ 'ಬೆಲ್ಲಾ ಚಾವ್' ಹಾಡಿನ ಪಲ್ಲವಿ. ಉಳಿದದ್ದರಲ್ಲಿ 'ಏ ಫ್ಯಾಸಿಸ್ಟ್, ಹಿಡಿ!' ಎಂಬ ಕೂಗು, ಅದರ ಪಕ್ಕದಲ್ಲಿ ಐದು ಬಾಣಗಳು.

ನನಗೆ ಹೆಚ್ಚು ಹೊತ್ತು ಹಿಡಿದದ್ದು ಈ ಬಾಣಗಳೇ, ಹಾಗಾಗಿ ಬಿಡಿಸಿ ಬರೆಯುತ್ತೇನೆ. ಕ್ರಮ ಹೀಗಿದೆ: ಮೇಲೆ, ಬಲಕ್ಕೆ, ಕೆಳಗೆ, ಕೆಳಗೆ, ಕೆಳಗೆ. 1930ರ ದಶಕದ ಜರ್ಮನಿಯಲ್ಲಿ ನಾಜಿಗಳ ವಿರುದ್ಧ ನಿಂತ 'ಐರನ್ ಫ್ರಂಟ್' ಸಂಘಟನೆಯ ಚಿಹ್ನೆಯೂ ಮೂರು ಬಾಣ. ಇತಿಹಾಸ ಓದಿದವರ ಕಣ್ಣು ನೇರವಾಗಿ ಕೊನೆಯ ಮೂರಕ್ಕೆ ಹೋಗುತ್ತದೆ. ಆದರೆ ಆ ಚಿಹ್ನೆಯ ಬಾಣಗಳು ಓರೆಯಾಗಿವೆ; ಮೇಲಾಗಿ ಹಾಗೆ ಓದಿದರೆ ಮೊದಲ ಎರಡು ಬಾಣಗಳಿಗೆ ಕೆಲಸವೇ ಇಲ್ಲ. 'ಹೆಲ್‌ಡೈವರ್ಸ್ 2' ಎಂಬ ವಿಡಿಯೋ ಗೇಮಿನಲ್ಲಿ ದಿಕ್ಕಿನ ಗುಂಡಿಗಳನ್ನು ಇದೇ ಕ್ರಮದಲ್ಲಿ ಒತ್ತಿದರೆ 500 ಕಿಲೋ ಬಾಂಬ್ ದಾಳಿ ನಡೆಯುತ್ತದೆ. ಇಲ್ಲಿ ಐದೂ ಬಾಣಗಳಿಗೆ ಲೆಕ್ಕ ಸಿಗುತ್ತದೆ. ನಾನು ಪಾಲಿಸುವ ಸೂತ್ರ ಇದು: ಯಾವ ಗುರುತನ್ನೂ ಹೊರಗಿಡದ ಅರ್ಥವನ್ನು ಮೊದಲು ಪರಿಶೀಲಿಸಬೇಕು.

ಇಷ್ಟಾದರೂ ಸಿಕ್ಕಿದ್ದು ಬಾಣಗಳ ಮೂಲ ಮಾತ್ರ, ಕೆತ್ತಿದವನ ರಾಜಕೀಯ ಸಿಕ್ಕಲಿಲ್ಲ. ಆ ಆಟವನ್ನು ಎಲ್ಲ ಪಂಥದವರೂ ಆಡುತ್ತಾರೆ. 'ಬೆಲ್ಲಾ ಚಾವ್' ಇಟಲಿಯ ಫ್ಯಾಸಿಸಂ ವಿರೋಧಿ ಹೋರಾಟಕ್ಕೆ ಅಂಟಿಕೊಂಡ ಹಾಡು ನಿಜ. ಆದರೆ 'ಮನಿ ಹೈಸ್ಟ್' ಧಾರಾವಾಹಿಯಿಂದ ಅದನ್ನು ಕಲಿತವರಲ್ಲಿ ಎಷ್ಟೋ ಮಂದಿಗೆ ಮುಸೊಲಿನಿಯ ಕಥೆ ಬೇಕಾಗಿಲ್ಲ. ಕೊಲೆಗಾರ ಎಡಪಂಥೀಯ ಎನ್ನುವವರು ಹಾಡನ್ನೂ 'ಫ್ಯಾಸಿಸ್ಟ್' ಎಂಬ ಕೂಗನ್ನೂ ಎತ್ತಿ ತೋರಿಸಿದರು. ಅವನು ಕಡು ಬಲಪಂಥದ ನಿಕ್ ಫ್ಯುಯೆಂಟಿಸ್ ಬಳಗದವನು ಎನ್ನುವವರು ಚೇಷ್ಟೆಯ ಸಾಲುಗಳನ್ನು ಎತ್ತಿ ತೋರಿಸಿದರು. ಇಬ್ಬರೂ ನಾಲ್ಕನ್ನು ಒಟ್ಟಿಗೆ ಓದಲಿಲ್ಲ.

ಸೆಪ್ಟೆಂಬರ್ 16ರ ದೋಷಾರೋಪಣೆಯ ದಾಖಲೆಯಲ್ಲಿ ಆರೋಪಿ ತನ್ನ ಜೊತೆ ವಾಸವಿದ್ದವರಿಗೆ ಕಳುಹಿಸಿದ್ದೆನ್ನಲಾದ ಸಂದೇಶಗಳಿವೆ. ಕೆತ್ತಿದ ಬರಹಗಳು ಬಹುಪಾಲು ಮೀಮ್ (ಅಂತರ್ಜಾಲದ ತಮಾಷೆ) ಅಷ್ಟೇ ಎಂದು ಒಂದರಲ್ಲಿದೆ. ಕಾರಣ ಕೇಳಿದಾಗ, ಕಿರ್ಕ್ ಹರಡುತ್ತಿದ್ದ ದ್ವೇಷ ಸಾಕಾಗಿತ್ತು ಎಂಬ ಉತ್ತರವಿದೆ. ಇವು ಆರೋಪದ ಭಾಗ, ತೀರ್ಪಲ್ಲ. ಆದರೂ ಉದ್ದೇಶದ ಸುಳಿವು ಬಂದದ್ದು ಮೊಬೈಲ್ ಸಂದೇಶದಿಂದ, ಕಾಡತೂಸಿನಿಂದಲ್ಲ ಎಂಬುದನ್ನು ಗಮನಿಸಿ.

ಹೋಲಿಕೆಗೆ ಇನ್ನೆರಡು ಪ್ರಕರಣ. 2024ರ ಡಿಸೆಂಬರ್ 4ರಂದು ಮ್ಯಾನ್‌ಹ್ಯಾಟನ್‌ನಲ್ಲಿ ವಿಮಾ ಕಂಪನಿಯ ಮುಖ್ಯಸ್ಥ ಬ್ರಯಾನ್ ಥಾಂಪ್ಸನ್ ಕೊಲೆಯಾದಾಗ ಸಿಕ್ಕ ಕಾಡತೂಸುಗಳ ಮೇಲೆ 'ಡಿಲೇ' (ತಡಮಾಡು), 'ಡಿನೈ' (ನಿರಾಕರಿಸು), 'ಡಿಪೋಸ್' (ಪದಚ್ಯುತಗೊಳಿಸು) ಎಂಬ ಪದಗಳಿದ್ದವು. ಪರಿಹಾರ ಕೇಳಿ ವಿಮಾ ಕಚೇರಿಗೆ ಅಲೆದವರಿಗೆ ಅವು ತಕ್ಷಣ ಅರ್ಥವಾದವು, ಯಾವ ಆಟವೂ ಗೊತ್ತಿರಬೇಕಿರಲಿಲ್ಲ. 2025ರ ಸೆಪ್ಟೆಂಬರ್ 24ರಂದು ಡಲ್ಲಾಸ್‌ನಲ್ಲಿ 'ಐಸ್' ಎಂದು ಕರೆಯುವ ವಲಸೆ ಇಲಾಖೆಯ ಕಚೇರಿಯ ಮೇಲೆ ಗುಂಡಿನ ದಾಳಿ ನಡೆದಾಗ ಹಾರದ ಕಾಡತೂಸಿನ ಮೇಲೆ 'ಆಂಟಿ ಐಸ್' ಎಂದಿತ್ತು. ಗುಂಡು ತಗುಲಿದ್ದು ಮಾತ್ರ ಬಂಧನದಲ್ಲಿದ್ದ ವಲಸಿಗರಿಗೆ. ಬರಹ ಮತ್ತು ಬಲಿಯಾದವರ ನಡುವಿನ ಈ ಅಂತರಕ್ಕೆ ವಿವರಣೆ ದೊರೆತದ್ದು ಮರುದಿನ, ತನಿಖಾಧಿಕಾರಿಗಳು ದಾಳಿಕೋರನ ಕೈಬರಹದ ಚೀಟಿಗಳ ವಿಷಯ ತಿಳಿಸಿದಾಗ. ಇಲಾಖೆಯ ಸಿಬ್ಬಂದಿಯಲ್ಲಿ ಭಯ ಹುಟ್ಟಿಸಬೇಕು ಎಂದು ಅವುಗಳಲ್ಲಿ ಬರೆದಿತ್ತು.