ಜಾನಕಿ ಅಮ್ಮಾಳ್ ನೋಟ್ಸ್: ನನ್ನ ತಲಿ ತಿಂದ 39ರ ಲೆಕ್ಕ

ನಾಳೆ ಮರ್ತ್ ಬಿಡ್ತೀನಿ ಅಂತ ಇವತ್ತ ಬರದಿಡಾಕತ್ತೀನಿ. ನಮ್ಮ ಕ್ಲಾಸ್ ನೋಟ್ಸಿನಾಗ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅಂದ್ರ ಒಂದ ಸಾಲು, "ಕಬ್ಬಿನ ಸೈಟೋಜೆನೆಟಿಕ್ಸ್ (ಅಂದ್ರ ಕ್ರೋಮೋಸೋಮ್ ಅಭ್ಯಾಸ), ಪದ್ಮಶ್ರೀ 1977", ಮುಗೀತು. ಹಾಸ್ಟೆಲಿನಾಗ ಜೂನಿಯರ್ ಒಬ್ಬಾಕಿ "ಅಕ್ಕಾ, ಇವ್ರು ಡ್ಯಾನ್ಸರಾ?" ಅಂತ ಕೇಳಿದ್ಲು, ನಗು ಬಂತು, ಆದ್ರ ಹೋದ ತಿಂಗಳ ತನಕ ನನಗರ ಏನ್ ಗೊತ್ತಿತ್ತು.

ಜೀವನದ್ದು ಬೇಗ ಬೇಗ ಹೇಳ್ತೀನಿ. 1897ರಾಗ ತಲಶ್ಶೇರಿಯಾಗ ಹುಟ್ಟಿದ್ರು, ಮದ್ರಾಸಿನಾಗ ಓದಿದ್ರು, ಅಲ್ಲೇ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಾಗ ಪಾಠ ಮಾಡಿದ್ರು. ಬಾರ್ಬರ್ ಸ್ಕಾಲರ್‌ಶಿಪ್ ಸಿಕ್ಕು ಅಮೆರಿಕಾದ ಮಿಷಿಗನ್ ಯೂನಿವರ್ಸಿಟಿಗೆ ಹೋದ್ರು, 1931ರಾಗ ಡಾಕ್ಟರೇಟ್. ವಾಪಸ್ ಬಂದ ಮ್ಯಾಲೆ ತಿರುವನಂತಪುರದ ಕಾಲೇಜಿನಾಗ ಎರಡು ವರ್ಷ ಪ್ರೊಫೆಸರ್, 1934ರಿಂದ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ. ಅಲ್ಲಿ ಇವ್ರು ಕಬ್ಬಿಗೆ ಗೋವಿನಜೋಳ ಕ್ರಾಸ್ ಮಾಡಿದ್ರು! ಎರಡೂ ಹುಲ್ಲಿನ ಕುಟುಂಬ ಖರೆ, ಆದ್ರೂ ಕುಲನ ಬ್ಯಾರೆ.

ಇಲ್ಲೇ ನಾನು ಸಿಕ್ಕೊಂಡಿದ್ದು. ದೂರದ ಸಂಬಂಧದ ಎರಡು ಗಿಡ ಕೂಡಿಸಿದ್ರ ಹುಟ್ಟೋ ಗಿಡ ಸಾಮಾನ್ಯವಾಗಿ ಬಂಜೆ, ಹೇಸರಗತ್ತಿ ಇದ್ದಂಗ. ಅದಕ್ಕ ಕಾಲ್ಚಿಸಿನ್ ಅನ್ನೋ ಗಿಡದಿಂದ ತಗಿಯೋ ರಾಸಾಯನಿಕ ಹಚ್ಚಿ ಕ್ರೋಮೋಸೋಮ್ ಡಬಲ್ ಮಾಡಿದ್ರ ಬೀಜ ಕಟ್ಟತೈತಿ ಅಂತ ಪುಸ್ತಕ ಹೇಳತೈತಿ. ಯಾಕ? ಮೊದಲ ಗೊಂದಲ ಇದ್ದಿದ್ದು ಡಬಲ್ ಆದ್ರ ಗೊಂದಲನೂ ಡಬಲ್ ಆಗ್ಬೇಕಲ್ಲ? ಮೂರು ದಿನ ಇದ ಪ್ರಶ್ನಿ.

ನನಗ ತಿಳಿದಿದ್ದು ನಮ್ಮಜ್ಜನ ಹೊಲದ ಹತ್ತಿಯಿಂದ (ಜಾನಕಿ ಅಮ್ಮಾಳ್ ಹತ್ತಿ ಮ್ಯಾಲೆ ಮಾಡಿದ್ದಲ್ಲ, ಇದು ನನ್ನ ಉದಾಹರಣೆ, ಪೇಪರಿನಾಗ ಹಂಗ ಬರದು ಮಾರ್ಕ್ಸ್ ಕಳ್ಕೋಬ್ಯಾಡ್ರಿ). ಅಣ್ಣಿಗೇರಿ ಕಡೆ ಎರಿ ಹೊಲದಾಗ ಬೆಳಿಯೋ ಜಯಧರ ನಾಟಿ ಹತ್ತಿ, ಕ್ರೋಮೋಸೋಮ್ 26, ಅಂದ್ರ 13 ಜೋಡಿ. 13ರ ಒಂದೊಂದು ಸೆಟ್ಟಿಗೆ ಒಂದು ಅಕ್ಷರ ಇಟ್ಟು ಅದಕ್ಕ "ಎಎ" ಅನ್ರಿ. ಅಮೆರಿಕನ್ ಹತ್ತಿ 52, ಅದು "ಎಎಡಿಡಿ". ಇವೆರಡನ್ನ ಕೂಡಿಸಿದ್ರ ಅಪ್ಪ-ಅವ್ವ ತಮ್ಮದ್ರಾಗಿನ ಅರ್ಧರ್ಧ ಕೊಡ್ತಾವ: ನಾಟಿಯಿಂದ ಒಂದು ಎ, ಅಂದ್ರ 13, ಅಮೆರಿಕನ್ ಕಡೆಯಿಂದ ಎ ಮತ್ತ ಡಿ, ಅಂದ್ರ 26. ಒಟ್ಟು 39, "ಎಎಡಿ". ಪರಾಗ ಆಗೋ ಹೊತ್ತಿಗೆ ಪ್ರತಿ ಕ್ರೋಮೋಸೋಮ್ ತನ್ನ ಜೋಡಿ ಹುಡುಕಿ ಒಂದ ನೊಗಕ್ಕ ನಿಂತಂಗ ನಿಲ್ಲಬೇಕು, ಆಮೇಲೆ ಒಂದು ಈ ಕಡೆ ಒಂದು ಆ ಕಡೆ. ಎ-ಗೆ ಎ ಸಿಕ್ತು, ಹೆಂಗೋ ನಡೀತೈತಿ. ಡಿ 13ಕ್ಕ ಯಾರೂ ಇಲ್ಲ, ಒಂಟೆತ್ತು, ಮನಸ್ಸಿಗೆ ಬಂದ ಕಡೆ ಹೋಗ್ತಾವ, ಪರಾಗ ಜೊಳ್ಳು.

ಈಗ ಡಬಲ್. ನನ್ನ ತಪ್ಪು ಏನಂದ್ರ ಡಬಲ್ ಅಂದ್ರ ಎಲ್ಲಿಂದಲೋ ಇನ್ನೊಂದು 39 ಹೊಸಾವು ಬಂದು ಸೇರ್ತಾವ ಅನ್ಕೊಂಡಿದ್ದೆ. ಅಲ್ಲ! ಇದ್ದದ್ದಕ್ಕ ಜೆರಾಕ್ಸ್. ಸೆಲ್ ಒಡಿಯೋಕಿಂತ ಮೊದ್ಲು ಎಲ್ಲಾ ಕ್ರೋಮೋಸೋಮ್ ಹೆಂಗೂ ಕಾಪಿ ಆಗಿರ್ತಾವ, ಕಾಲ್ಚಿಸಿನ್ ಅವನ್ನ ಎರಡೂ ಕಡೆ ಎಳಿಯೋ ಎಳಿಗಳನ್ನ ಕಟ್ಟಾಕ ಬಿಡಂಗಿಲ್ಲ, ಸೆಲ್ ಒಡಿಯಂಗಿಲ್ಲ, ಕಾಪಿ ಎಲ್ಲಾ ಒಂದ ಸೆಲ್ಲಿನಾಗ ಉಳೀತಾವ. 78, "ಎಎಎಎಡಿಡಿ". ನಾಲ್ಕು ಎ ತಮ್ಮೊಳಗ ಒಂದಿಷ್ಟು ಜಗಳಾಡ್ತಾವ, ಅದು ಬ್ಯಾರೆ, ಆದ್ರ ಪ್ರತಿ ಡಿ-ಗೆ ತನ್ನ ಕಾಪಿನ ಜೋಡೆತ್ತಾಗಿ ಸಿಕ್ತು. ಇಷ್ಟ ಅದು!

ಹಂಗಾದ್ರ ವರಲಕ್ಷ್ಮಿ ಹತ್ತಿ? 1972ರಾಗ ನಮ್ಮ ಧಾರವಾಡದಾಗನ ಬಿ.ಎಚ್. ಕತರಕಿ ಅವ್ರು ಎರಡು ಬ್ಯಾರೆ ಜಾತಿ ಹತ್ತಿ ಕೂಡಿಸಿ ಮಾಡಿದ್ದು, ಕಾಲ್ಚಿಸಿನ್ ಇಲ್ಲದನ ಬೀಜ ಕಟ್ತಲ್ಲ? ಕಟ್ಟತೈತಿ, ಯಾಕಂದ್ರ ಅಲ್ಲಿ ಅಪ್ಪ-ಅವ್ವ ಎರಡೂ 52, ಎರಡೂ ಎಎಡಿಡಿ. ಒಂಟೆತ್ತಿನ ಪ್ರಶ್ನಿನ ಬರಂಗಿಲ್ಲ. ಕ್ರಾಸ್ ಪ್ರಶ್ನಿ ಬಂದ್ರ ಮೊದ್ಲು ಅಪ್ಪ-ಅವ್ವನ ನಂಬರ್ ಬರಕೊಳ್ರಿ, ಅರ್ಧ ಉತ್ತರ ಅಲ್ಲೇ ಇರ್ತೈತಿ. (ಕಾಲ್ಚಿಸಿನ್ ನಮ್ಮ ಅಗ್ನಿಶಿಖೆ ಗಡ್ಡಿ-ಬೀಜದಾಗೂ ಐತಿ, ವಿಷ, ಕೈ ಹಚ್ಚಾಕ ಹೋಗಬ್ಯಾಡ್ರಿ.)

ಉಳಿದದ್ದು. ಯುದ್ಧದ ವರ್ಷದಾಗ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯಾಗ ಕೆಲಸ, 1945ರಾಗ ಅಲ್ಲಿನ ವಿಜ್ಞಾನಿ ಡಾರ್ಲಿಂಗ್ಟನ್ ಜೋಡಿ ಬೆಳೆಗಳ ಕ್ರೋಮೋಸೋಮ್ ಅಟ್ಲಾಸ್. ನಾನು ಮ್ಯಾಲೆ ಒದರಿದ್ನಲ್ಲ, "ನಂಬರ್ ಬರಕೊಳ್ರಿ" ಅಂತ, ಆ ನಂಬರೆಲ್ಲಾ ಒಂದ ಕಡೆ ಕೂಡಿಸಿದ ಪುಸ್ತಕ ಅದು. ಆಮೇಲೆ ಇಂಗ್ಲೆಂಡಿನ ವಿಸ್ಲೆ ತೋಟದಾಗ ಮ್ಯಾಗ್ನೋಲಿಯಾ ಅನ್ನೋ ಹೂವಿನ ಗಿಡಕ್ಕ ಇದ ಕಾಲ್ಚಿಸಿನ್ ಹಚ್ಚಿದ್ರು. ಅವ್ರ ಹೆಸರಿನ ಮ್ಯಾಗ್ನೋಲಿಯಾ ಈಗೂ ಐತಿ. 1951ರಾಗ ನೆಹರು ಕರದ್ರಂತ ಬಟಾನಿಕಲ್ ಸರ್ವೇ ಆಫ್ ಇಂಡಿಯಾ (ದೇಶದ ಗಿಡಗಳ ಸಮೀಕ್ಷೆ ಮಾಡೋ ಸರ್ಕಾರಿ ಸಂಸ್ಥೆ) ಸರಿಮಾಡಾಕ ವಾಪಸ್ ಬಂದ್ರು.

ಕೊನಿಗೆ ಒಂದು ಇಸವಿ ಗೊಂದಲ. 80ರ ಹತ್ರ ವಯಸ್ಸಿನಾಗ ಕೇರಳದ ಸೈಲೆಂಟ್ ವ್ಯಾಲಿ ಕಾಡಿನಾಗ ಡ್ಯಾಮ್ ಬ್ಯಾಡ ಅಂತ ನಿಂತವರೊಳಗ ಇವರೂ ಒಬ್ರು. ಅವ್ರು ತೀರ್ಕೊಂಡಿದ್ದೂ 1984, ಆ ಕಾಡು ರಾಷ್ಟ್ರೀಯ ಉದ್ಯಾನ ಆಗಿದ್ದೂ 1984. ಅವ್ರು ಹೋಗಿದ್ದು ಫೆಬ್ರವರಿ, ಆದೇಶ ಆಗಿದ್ದು ನವೆಂಬರ್. ನಾನು ಟೆಸ್ಟಿನಾಗ ಉಲ್ಟಾ ಬರದಿದ್ದೆ.