ಮಣ್ಣು ದಾರಿಗೂ ಮರುಭೂಮಿಗೂ ಒಂದೇ ಬೈಕ್ ಸಾಕೇ?

ಪ್ರಶ್ನೆ: ನಾನು ಚಿತ್ರದುರ್ಗದವನು, ವಯಸ್ಸು 32. ವಾರವಿಡೀ ಕಚೇರಿಗೆ ಓಡಾಡಲು, ಭಾನುವಾರ ಸುತ್ತಮುತ್ತಲ ಗುಡ್ಡಗಳ ಮಣ್ಣು ದಾರಿಯಲ್ಲಿ ಓಡಿಸಲು ಒಂದು ಆಫ್‌ರೋಡ್ ಬೈಕ್ ಕೊಳ್ಳಬೇಕೆಂದಿದ್ದೇನೆ. ಒಂದೆರಡು ವರ್ಷದಲ್ಲಿ ಅದೇ ಬೈಕಿನಲ್ಲಿ ಜೈಸಲ್ಮೇರ್ ಕಡೆಯ ಮರುಭೂಮಿಗೂ ಹೋಗಿ ಬರುವ ಆಸೆ. ನನ್ನ ಎತ್ತರ ಐದೂವರೆ ಅಡಿ, ಬಜೆಟ್ ಮೂರು ಲಕ್ಷದೊಳಗೆ. 200 ಸಿಸಿ ಸಾಕೇ, 450 ಸಿಸಿಯೇ ಬೇಕೇ? ಸೆಕೆಂಡ್ ಹ್ಯಾಂಡ್ ಕೊಂಡರೆ ಮೋಸ ಹೋಗುತ್ತೇನೆಯೇ?

ಉತ್ತರ: ನಿಮ್ಮ ಎತ್ತರವನ್ನೂ ಬಜೆಟ್ಟನ್ನೂ ತಿಳಿಸಿದ್ದೀರಿ, ಸಿಸಿಯ ಮಾತೂ ಬಂದಿದೆ. ಆದರೆ ಆಫ್‌ರೋಡ್ ಬೈಕ್ ಆರಿಸುವವರನ್ನು ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಬಿದ್ದ ಬೈಕನ್ನು, ಹತ್ತಿರ ಯಾರೂ ಇಲ್ಲದಿರುವಾಗ, ಮಧ್ಯಾಹ್ನದ ಬಿಸಿಲಿನಲ್ಲಿ, ಮೂರನೆಯ ಸಲ ಒಬ್ಬರೇ ಎತ್ತಿ ನಿಲ್ಲಿಸಬಲ್ಲಿರಾ? ಡಾಂಬರು ರಸ್ತೆಯಲ್ಲಿ ಬಿದ್ದರೆ ಅದು ಅಪಘಾತ. ಮಣ್ಣು ದಾರಿಯಲ್ಲಿ ಕಲಿಯುವವನು ಬೀಳುವುದು ನಿತ್ಯದ ಸಂಗತಿ. ಆದ್ದರಿಂದ ಬೈಕಿನ ತೂಕವೇ ಆಯ್ಕೆಯ ಮೊದಲ ಅಳತೆಯಾಗಬೇಕು ಎಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಸುಮಾರು 200 ಕಿಲೋ ತೂಗುವ ಹಳೆಯ ಬೈಕೊಂದನ್ನು ಕೊಂಡು, ಚಳ್ಳಕೆರೆ ತಾಲ್ಲೂಕಿನಲ್ಲಿ ಬತ್ತಿದ ವೇದಾವತಿಯ ಪಾತ್ರಕ್ಕೆ ಇಳಿಸಿದ್ದೆ. ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಮುಂದಿನ ಚಕ್ರ ಮರಳಿನಲ್ಲಿ ಹೂತು ಬೈಕ್ ಎಡಕ್ಕೆ ಒರಗಿತು. ಹ್ಯಾಂಡಲ್ ಹಿಡಿದು ಎತ್ತಿದರೆ ಅರ್ಧಕ್ಕೆ ಏಳುತ್ತಿತ್ತು, ಅಷ್ಟರಲ್ಲಿ ಕಾಲ ಕೆಳಗಿನ ಮರಳು ಜಾರುತ್ತಿತ್ತು, ಮತ್ತೆ ಮಲಗುತ್ತಿತ್ತು. ದಡದ ಮೇಲೆ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನೋಡಿ, ಕೋಲನ್ನು ಪಕ್ಕಕ್ಕಿಟ್ಟು ಇಳಿದು ಬಂದು ಹಿಂದಿನ ಕ್ಯಾರಿಯರಿಗೆ ಕೈ ಹಾಕಿದರು. ಬೈಕ್ ಎದ್ದ ಮೇಲೆ ಅವರು ಕೇಳಿದ್ದು ಒಂದೇ ಮಾತು: “ಎತ್ತಾಕಾಗಲ್ದ ಗಾಡಿ ಯಾಕ್ ತಂದ್ಯಪ್ಪಾ?” ಆ ಬೈಕನ್ನು ನಾನು ಆರು ತಿಂಗಳಲ್ಲಿ ಮಾರಿದೆ.

ಈಗ ಲೆಕ್ಕಕ್ಕೆ ಬರೋಣ. ಮಾರುಕಟ್ಟೆಯಲ್ಲಿ ನಿಮ್ಮ ಕಣ್ಣಿಗೆ ಬೀಳುವ ಬೈಕುಗಳಲ್ಲಿ ಕವಾಸಾಕಿ ಕೆಎಲ್‌ಎಕ್ಸ್ 230 ಸುಮಾರು 139 ಕಿಲೋ, ಹೀರೋ ಎಕ್ಸ್‌ಪಲ್ಸ್ 200 4ವಿ ಸುಮಾರು 159 ಕಿಲೋ, 2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ಸುಮಾರು 168 ಕಿಲೋ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಸುಮಾರು 196 ಕಿಲೋ ತೂಗುತ್ತವೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಇರುವುದು ಒಂದು ಸಿಮೆಂಟ್ ಮೂಟೆಗಿಂತ ಹೆಚ್ಚಿನ ಅಂತರ. ಹೆದ್ದಾರಿಯಲ್ಲಿ ಈ ಅಂತರ ಗೊತ್ತೇ ಆಗುವುದಿಲ್ಲ, ಗುಡ್ಡದ ಕೊರಕಲಿನಲ್ಲಿ ಗೊತ್ತಾಗುತ್ತದೆ. ದೊಡ್ಡ ಎಂಜಿನ್ ಇಲ್ಲದೆ ಮರುಭೂಮಿ ದಾಟಲಾಗದು ಎಂಬ ನಂಬಿಕೆಗೂ ಆಧಾರವಿಲ್ಲ. ಜಗತ್ತಿನ ಅತಿ ಕಠಿಣ ಮರುಭೂಮಿ ಸ್ಪರ್ಧೆಯೆನಿಸಿದ ಡಕಾರ್ ರ‍್ಯಾಲಿಯಲ್ಲಿ 2011ರಿಂದ ಬೈಕುಗಳ ಎಂಜಿನ್ 450 ಸಿಸಿ ಮೀರುವಂತಿಲ್ಲ. 2015ರಲ್ಲಿ ಅದನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು ಓಡಿಸಿದ್ದೂ 450 ಸಿಸಿಯ ಬೈಕನ್ನೇ. ಆದರೆ ಸ್ಪರ್ಧೆಯ 450 ಬೇರೆ, ಶೋರೂಮಿನ 450 ಬೇರೆ ಎಂಬುದನ್ನು ಮರೆಯಬಾರದು. ಮೊದಲನೆಯದರಲ್ಲಿ ಓಟಕ್ಕೆ ಬೇಡವಾದದ್ದು ಏನೂ ಇರುವುದಿಲ್ಲ. ಎರಡನೆಯದರಲ್ಲಿ ಹಿಂದೆ ಕೂರುವವರ ಸೀಟಿನಿಂದ ಹಿಡಿದು ಲಗೇಜಿನ ರ‍್ಯಾಕಿನವರೆಗೆ ಎಲ್ಲವೂ ಇರುತ್ತದೆ.

ನಿಮ್ಮ ಭಾನುವಾರಗಳು ಕಳೆಯುವ ನೆಲದ ಸ್ವಭಾವವನ್ನು ನೋಡದೆ ಬೈಕ್ ಆರಿಸಲಾಗದು. ನಮ್ಮ ಜಿಲ್ಲೆಯಲ್ಲಿ ಕೆಂಪು ಗರಸು ಮಣ್ಣು, ಉರುಟು ಕಲ್ಲು ಮತ್ತು ಬಂಡೆ ಹೆಚ್ಚು. ದಾವಣಗೆರೆಯ ಕಡೆಗೆ ಹೊರಳಿದರೆ ಎರೆ ಹೊಲ ಶುರುವಾಗುತ್ತದೆ. ಒಂದು ಹದ ಮಳೆ ಬಿದ್ದ ಮರುದಿನ ಎರೆ ದಾರಿಗೆ ಇಳಿದು ನೋಡಿ: ಮಣ್ಣು ಟೈರಿಗೆ ಅಂಟಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ, ಗಟ್ಟಿಯಾಗಿ, ಚಕ್ರವೇ ತಿರುಗದಂತಾಗುತ್ತದೆ; ಕಡ್ಡಿಯಿಂದ ಕೆದರಿ ತೆಗೆಯುತ್ತಾ ಅರ್ಧ ಗಂಟೆ ಕಳೆಯಬೇಕು. ಆಫ್‌ರೋಡ್ ಬೈಕುಗಳ ಮುಂದಿನ ಮಡ್‌ಗಾರ್ಡನ್ನು ಕೊಕ್ಕಿನಂತೆ ಮೇಲೆ ಕೂರಿಸುವುದು ಅಂದಕ್ಕಾಗಿ ಎಂದು ಬಹಳ ಜನ ತಿಳಿದಿದ್ದಾರೆ. ಅದರ ನಿಜವಾದ ಉಪಯೋಗವನ್ನು ಎರೆ ಮಣ್ಣಿನಲ್ಲಿ ಸಿಕ್ಕಿಕೊಂಡವನು ಬಲ್ಲ.

ಇನ್ನೊಂದು ಶತ್ರು ಬಳ್ಳಾರಿ ಜಾಲಿ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ದಾರಿಗಳಲ್ಲಿ ಈ ಮುಳ್ಳು ಎಲ್ಲೆಲ್ಲೂ ಇದೆ, ರಾಜಸ್ಥಾನದ ಮರುಭೂಮಿಯಲ್ಲೂ ಇದೇ ಗಿಡ ಹಬ್ಬಿದೆ. ಕಲ್ಲಿನ ಹೊಡೆತ ತಾಳಲು ಸ್ಪೋಕ್ ಚಕ್ರ ಬೇಕು, ಏಕೆಂದರೆ ಅಲಾಯ್ ರಿಮ್ಮು ಬಿರುಕು ಬಿಡುವ ಕಡೆ ಸ್ಪೋಕಿನ ರಿಮ್ಮು ಬಾಗುತ್ತದೆ, ಬಾಗಿದ್ದನ್ನು ಸರಿಮಾಡಬಹುದು. ಆದರೆ ಸಾಮಾನ್ಯ ಸ್ಪೋಕ್ ಚಕ್ರಕ್ಕೆ ಟ್ಯೂಬ್ ಇರುತ್ತದೆ, ಜಾಲಿ ಮುಳ್ಳಿಗೆ ಟ್ಯೂಬ್ ಒಂದು ತುತ್ತು. ಟ್ಯೂಬ್‌ಲೆಸ್ ಸ್ಪೋಕ್ ಚಕ್ರಗಳು ಹಿಮಾಲಯನ್ 450ರಂತಹ ಕೆಲವು ಬೈಕುಗಳಿಗೆ ಮಾತ್ರ ಸಿಗುತ್ತವೆ, ಬೆಲೆಯೂ ಹೆಚ್ಚು. ಉಳಿದವರು ಚಕ್ರ ಬಿಚ್ಚಿ ಟ್ಯೂಬ್ ಬದಲಿಸುವುದನ್ನು ಕಲಿಯಲೇಬೇಕು. ಎರಡು ಟೈರ್ ಲಿವರ್, ಒಂದು ಹೆಚ್ಚುವರಿ ಟ್ಯೂಬ್, ಒಂದು ಸಣ್ಣ ಪಂಪು ಸದಾ ಚೀಲದಲ್ಲಿರಬೇಕು. ಹೊಸ ಬೈಕ್ ಮನೆಗೆ ಬಂದ ವಾರದಲ್ಲೇ ಅಂಗಳದಲ್ಲಿ ಒಮ್ಮೆ ಈ ಕೆಲಸ ಮಾಡಿ ನೋಡುವುದು ಒಳ್ಳೆಯದು.

ಎಲ್ಲಿ ಓಡಿಸಬಹುದು ಎಂಬುದನ್ನೂ ಹೇಳಿಬಿಡುತ್ತೇನೆ. ಜೋಗಿಮಟ್ಟಿ ವನ್ಯಜೀವಿಧಾಮ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವೂ ಕೊಂಡುಕುರಿಗಾಗಿ ಮೀಸಲಾದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಹೋಗುವುದು, ದಾರಿ ಬಿಟ್ಟು ಬೈಕ್ ನುಗ್ಗಿಸುವುದು ಅಪರಾಧ. ಚಳ್ಳಕೆರೆಯ ಅಮೃತಮಹಲ್ ಕಾವಲಿನ (ಹುಲ್ಲುಗಾವಲಿನ) ದೊಡ್ಡ ಭಾಗ ಈಗ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಬೇಲಿಯೊಳಗಿದೆ. ಗುಡ್ಡಗಳ ಮೇಲೆ ಊರಿನವರು ಫ್ಯಾನು ಎಂದೇ ಕರೆಯುವ ಗಾಳಿಯಂತ್ರಗಳಿಗೆ ಹೋಗುವ ಗರಸು ರಸ್ತೆಗಳು ಅಭ್ಯಾಸಕ್ಕೆ ಬಲು ಚೆನ್ನಾಗಿವೆ, ಆದರೆ ಅಲ್ಲಿನ ಕಾವಲುಗಾರರನ್ನು ಕೇಳಿಯೇ ಹತ್ತಬೇಕು. ಉಳಿದಂತೆ ಊರಿಂದ ಊರಿಗೆ ಹೋಗುವ ಬಂಡಿದಾರಿಗಳೇ ನಮ್ಮ ನಿಜವಾದ ಟ್ರೇಲ್. ಅಲ್ಲಿ ಬಿತ್ತಿದ ಶೇಂಗಾ ಹೊಲಕ್ಕೆ ಚಕ್ರ ತಾಗದಂತೆ ನೋಡಿಕೊಂಡರೆ ಯಾರ ತಕರಾರೂ ಇರುವುದಿಲ್ಲ.

ಬೈಕಿನ ಮುಂದೆ ನಿಂತಾಗ ನೋಡಬೇಕಾದ ಅಳತೆಗಳು ಹೆಚ್ಚೇನಿಲ್ಲ. ಮುಂದಿನ ಚಕ್ರ 21 ಇಂಚಿನದಾಗಿದ್ದರೆ ಕಲ್ಲನ್ನೂ ಕುಣಿಯನ್ನೂ ಸುಲಭವಾಗಿ ಹತ್ತಿ ಇಳಿಯುತ್ತದೆ, ಮರಳಿನಲ್ಲಿ ಹೂತುಕೊಳ್ಳುವುದು ಕಡಿಮೆ. ಎಂಜಿನ್ನಿನ ಅಡಿಭಾಗಕ್ಕೂ ನೆಲಕ್ಕೂ 200 ಮಿಲಿಮೀಟರಿಗಿಂತ ಹೆಚ್ಚು ಅಂತರವಿರಬೇಕು, ಅಡಿಯಲ್ಲಿ ಲೋಹದ ರಕ್ಷಣಾ ತಟ್ಟೆ ಇರಬೇಕು. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆಯನ್ನು ಹಿಂದಿನ ಚಕ್ರಕ್ಕೆ ಆಫ್ ಮಾಡುವ ಸೌಲಭ್ಯ ಬೇಕೇ ಬೇಕು. ಗರಸಿನ ಇಳಿಜಾರಿನಲ್ಲಿ ಎಬಿಎಸ್ ಬ್ರೇಕನ್ನು ಮತ್ತೆ ಮತ್ತೆ ಬಿಡಿಸುವುದರಿಂದ ಬೈಕ್ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಸೀಟಿನ ಎತ್ತರದ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಅಗತ್ಯ. ಎಕ್ಸ್‌ಪಲ್ಸ್ ಮತ್ತು ಹಿಮಾಲಯನ್ ಎರಡರ ಸೀಟೂ ಸುಮಾರು 825ರಿಂದ 830 ಮಿಲಿಮೀಟರ್. ಕೂತಾಗ ಶಾಕ್‌ಅಬ್ಸಾರ್ಬರ್ ಕುಗ್ಗುವುದರಿಂದ ಐದೂವರೆ ಅಡಿಯವರ ಮುಂಗಾಲು ನೆಲಕ್ಕೆ ತಾಗುತ್ತದೆ, ಸೊಂಟ ಒಂದು ಬದಿಗೆ ಸರಿಸಿದರೆ ಒಂದು ಪಾದ ಪೂರ್ತಿ ಊರುತ್ತದೆ. ಅಷ್ಟು ಸಾಕು. ಕೆಎಲ್‌ಎಕ್ಸ್‌ನ ಸೀಟು ಸುಮಾರು 880 ಮಿಲಿಮೀಟರ್, ಕಲಿಕೆಯ ದಿನಗಳಲ್ಲಿ ನಿಮಗೆ ಅದು ಎತ್ತರವೇ.

ಇನ್ನು ಮರುಭೂಮಿ. ಚಿತ್ರದುರ್ಗದ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ದಾವಣಗೆರೆ, ಪುಣೆ, ಮುಂಬಯಿ, ಅಹಮದಾಬಾದ್ ದಾಟಿ ರಾಜಸ್ಥಾನದ ಉದಯಪುರದವರೆಗೂ, ಅದರಾಚೆಗೂ ಹೋಗುತ್ತದೆ. ಜೈಸಲ್ಮೇರ್ ಇಲ್ಲಿಂದ 1,500 ಕಿಲೋಮೀಟರಿಗೂ ಹೆಚ್ಚು ದೂರ, ಅದರಲ್ಲಿ ಬಹುಪಾಲು ಡಾಂಬರು. ನಿಮ್ಮ ಆಸೆಯೊಳಗಿನ ತೊಡಕು ಇಲ್ಲೇ ಇದೆ: ಅಲ್ಲಿಗೆ ತಲುಪಲು ಅನುಕೂಲವಾದ ಬೈಕ್ ಅಲ್ಲಿ ಓಡಿಸಲು ಅನುಕೂಲವಲ್ಲ. ಹಿಮಾಲಯನ್ 450 ಹೆದ್ದಾರಿಯಲ್ಲಿ ದಿನವಿಡೀ ಗಂಟೆಗೆ ನೂರರ ಆಸುಪಾಸಿನಲ್ಲಿ ಆರಾಮವಾಗಿ ಸಾಗುತ್ತದೆ, 17 ಲೀಟರ್ ಟ್ಯಾಂಕ್ ಇದೆ, ಆದರೆ ಮರಳ ದಿಬ್ಬದ ತುದಿಯಲ್ಲಿ ನಿಂತುಹೋದರೆ ಅದು ನನ್ನ ವೇದಾವತಿಯ ಬೈಕೇ. 200 ಸಿಸಿಯ ಬೈಕ್ ಮರಳಿನಲ್ಲಿ ಮಾತು ಕೇಳುತ್ತದೆ, ಹೆದ್ದಾರಿಯಲ್ಲಿ ಎಂಬತ್ತು ದಾಟಿದ ಮೇಲೆ ಏದುಸಿರು ಬಿಡುತ್ತದೆ. ಇದಕ್ಕೆ ನಾನು ಹೇಳುವ ಉಪಾಯ ಸರಳ. ಬೈಕನ್ನು ರೈಲಿನ ಪಾರ್ಸಲ್‌ನಲ್ಲಿ ಕಳಿಸಿ. ಆರ್‌ಸಿ ಪ್ರತಿ ಕೊಟ್ಟು, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಗೋಣಿ ಸುತ್ತಿಸಿದರೆ ಆಯಿತು. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಗಡಿಗೆ ಹತ್ತಿರದ ಕೆಲವು ಪ್ರದೇಶಗಳಿಗೂ ಅಲ್ಲಿನ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೂ ಅನುಮತಿ ಬೇಕು ಎಂಬುದು ನೆನಪಿರಲಿ.

ಮರಳಿಗೆ ಇಳಿಯುವ ಮುನ್ನ ಟೈರಿನ ಗಾಳಿ ಇಳಿಸಬೇಕು. ರಸ್ತೆಯಲ್ಲಿ 25ರಿಂದ 30 ಪಾಯಿಂಟ್ ಇರುವ ಕಡೆ ಹಗುರ ಬೈಕಿಗೆ 15ರಿಂದ 18 ಸಾಕು. ಟೈರ್ ಅಗಲವಾಗಿ ಹರಡಿ ಮರಳಿನ ಮೇಲೆ ತೇಲುತ್ತದೆ. ಅದಕ್ಕಿಂತ ಇಳಿಸಿದರೆ ರಿಮ್ಮಿನ ಮೇಲೆ ಟೈರ್ ಜಾರಿ, ಟ್ಯೂಬಿನ ವಾಲ್ವ್ ಬುಡದಲ್ಲೇ ಕಿತ್ತುಹೋಗುವ ಅಪಾಯವಿದೆ. ಕ್ಲಚ್ಚನ್ನು ಅರ್ಧ ಹಿಡಿದು ಎಳೆಸುವ ಅಭ್ಯಾಸವಿದ್ದರೆ ಇಲ್ಲೇ ಬಿಟ್ಟು ಹೋಗಿ, ಮರಳಿನಲ್ಲಿ ಕ್ಲಚ್ ಪ್ಲೇಟು ಒಂದೇ ದಿನದಲ್ಲಿ ಸುಟ್ಟುಹೋಗುತ್ತದೆ. ಪ್ರತಿ ಸಂಜೆ ಏರ್ ಫಿಲ್ಟರ್ ತೆಗೆದು ನೋಡಬೇಕು. ಸೈಡ್ ಸ್ಟ್ಯಾಂಡಿನ ಕೆಳಗಿಡಲು ಅಂಗೈಯಗಲದ ಒಂದು ತಗಡೂ ಜೊತೆಗಿರಲಿ.

ಹೀಗಾಗಿ ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಎಕ್ಸ್‌ಪಲ್ಸ್ 200 4ವಿ ಅಥವಾ 210ನ್ನು ಕೊಳ್ಳುತ್ತಿದ್ದೆ. 210ರ ಶೋರೂಂ ಬೆಲೆ ಎರಡು ಲಕ್ಷದೊಳಗಿದೆ. ಬಿಡಿಭಾಗ ಅಗ್ಗ, ತಾಲ್ಲೂಕು ಕೇಂದ್ರದ ಮೆಕ್ಯಾನಿಕ್‌ಗಳಿಗೂ ಆ ಕಂಪನಿಯ ಎಂಜಿನ್ನುಗಳ ಪರಿಚಯವಿದೆ. ಹಿಮಾಲಯನ್ 450 ಶೋರೂಮಿನಲ್ಲೇ ಸುಮಾರು ಮೂರು ಲಕ್ಷ, ರಸ್ತೆಗಿಳಿಯುವಾಗ ನಿಮ್ಮ ಬಜೆಟ್ ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿದು, ಅದನ್ನು ಮೀರಿದವಕ್ಕೆ ಶೇ. 40ಕ್ಕೆ ಏರಿದ್ದರಿಂದ ಈ ಅಂತರ ಇನ್ನಷ್ಟು ಹಿಗ್ಗಿದೆ. ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್, ಮೊಣಕಾಲಿನ ರಕ್ಷಣೆ ಮತ್ತು ಕಣಕಾಲು ಮುಚ್ಚುವ ಬೂಟು ಕೊಳ್ಳಿ. ಬೂಟಿನ ಬಗ್ಗೆ ಚೌಕಾಶಿ ಬೇಡ. ಬೈಕ್ ಮಲಗಿದಾಗ ಅದರ ಕೆಳಗೆ ಸಿಗುವುದು ಮೊದಲು ಪಾದವೇ.

ಪೂರ್ತಿ ಸ್ಪರ್ಧೆಗೆಂದೇ ಮಾಡಿದ ಮೋಟೋಕ್ರಾಸ್ ಬೈಕುಗಳಿಗೆ ಕಣ್ಣು ಹಾಯಿಸಬೇಡಿ. ಅವಕ್ಕೆ ನೋಂದಣಿಯೇ ಆಗುವುದಿಲ್ಲ, ಮನೆಯಿಂದ ಮಣ್ಣು ದಾರಿಯವರೆಗೆ ಗಾಡಿಯಲ್ಲಿ ಹೇರಿಕೊಂಡು ಹೋಗಬೇಕು. ಇದ್ದ ಬೈಕಿನ ಚಾಸಿ ಕೊಯ್ದು ಮಾರ್ಪಡಿಸುವುದೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಾನೂನಿಗೆ ವಿರುದ್ಧ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ತಪ್ಪಿಲ್ಲ, ಕಲಿಯುವವನಿಗೆ ಅದೇ ವಾಸಿ ಎಂದೂ ಹೇಳಬಹುದು. ಮೊದಲ ಗೀರು ಬೇರೆಯವರೇ ಹಾಕಿರುತ್ತಾರೆ. ಆದರೆ ತೊಳೆದು ಮಿರುಗಿಸಿದ ಟ್ಯಾಂಕನ್ನು ನೋಡಬೇಡಿ, ಕೆಳಗೆ ಬಗ್ಗಿ. ರಕ್ಷಣಾ ತಟ್ಟೆಯ ಮೇಲಿನ ಗೀರುಗಳು ತೊಂದರೆಯಲ್ಲ, ಚಾಸಿಯ ಕೊಳವೆಯಲ್ಲಿ ಹೊಸ ವೆಲ್ಡಿಂಗ್ ಕಂಡರೆ ಅಲ್ಲಿಂದಲೇ ಹಿಂತಿರುಗಿ. ಸ್ಪ್ಯಾನರ್‌ನಿಂದ ಸ್ಪೋಕುಗಳನ್ನು ಒಂದೊಂದಾಗಿ ತಟ್ಟಿ: ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮೊದ್ದಾಗಿ ನುಡಿಯುತ್ತದೆ. ಮುಂದಿನ ಫೋರ್ಕಿನ ಹೊಳಪು ಕೊಳವೆಯ ಸುತ್ತ ಎಣ್ಣೆಯ ಉಂಗುರವಿದ್ದರೆ ಸೀಲು ಹೋಗಿದೆ ಎಂದರ್ಥ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿದಾಗ ನಡುವೆ ತಡೆ ಸಿಕ್ಕರೆ ಕೋನ್ ಸೆಟ್ (ಹ್ಯಾಂಡಲಿನ ಬೇರಿಂಗ್) ಬದಲಿಸಬೇಕು. ಇವೆಲ್ಲ ಸಣ್ಣ ಖರ್ಚು, ಬೆಲೆಯಲ್ಲಿ ಇಳಿಸಿಕೊಳ್ಳಿ. ದೊಡ್ಡ ಪರೀಕ್ಷೆ ಏರ್ ಫಿಲ್ಟರಿನದು. ಮುಚ್ಚಳ ಬಿಚ್ಚಿ ಫಿಲ್ಟರ್ ತೆಗೆದು, ಅದರಾಚೆ ಎಂಜಿನ್ನಿನ ಕಡೆಗೆ ಹೋಗುವ ರಬ್ಬರ್ ಕೊಳವೆಯೊಳಗೆ ಬೆರಳಾಡಿಸಿ. ಬೆರಳಿಗೆ ಕೆಂಪು ಧೂಳು ಮೆತ್ತಿದರೆ ಆ ಎಂಜಿನ್ ಗುಡ್ಡದ ಧೂಳನ್ನು ಸೋಸದೆ ಕುಡಿದಿದೆ. ಪಿಸ್ಟನ್ ರಿಂಗು ಸವೆದಿರುವ ಸಾಧ್ಯತೆ ಹೆಚ್ಚು. ಮೀಟರಿನಲ್ಲಿ ಎಷ್ಟು ಕಡಿಮೆ ಓಡಿದ್ದರೂ ಅದನ್ನು ಬಿಡಿ.

ದಾಖಲೆಗಳಲ್ಲಿ ಆರ್‌ಸಿ, ವಿಮೆ, ಸಾಲ ತೀರಿದ ಪತ್ರ, ಮಾರುವವರ ಸಹಿಯಿರುವ ಫಾರಂ 29 ಮತ್ತು 30 ಬೇಕು. ಬೇರೆ ರಾಜ್ಯದ ನಂಬರಿನ ಬೈಕ್ ಅಗ್ಗವಾಗಿ ಕಂಡರೂ ಅಲ್ಲಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಮತ್ತೆ ಕಟ್ಟುವಾಗ ಆ ಅಗ್ಗ ಕರಗಿಹೋಗುತ್ತದೆ. ಕೆಎ 16 (ಚಿತ್ರದುರ್ಗ) ಅಥವಾ ಕೆಎ 17ರದ್ದೇ (ದಾವಣಗೆರೆ) ಸಿಕ್ಕರೆ ಬೈಕ್ ಯಾವ ದಾರಿಯಲ್ಲಿ ಓಡಿದೆ ಎಂಬುದನ್ನು ಮಾರುವವರ ಬಾಯಿಂದಲೇ ಕೇಳಿ ತಿಳಿಯಬಹುದು.

ಹೊಸದಾಗಲಿ ಹಳೆಯದಾಗಲಿ, ಮುಂಗಡ ಕೊಡುವ ಮುನ್ನ ಒಂದು ಕೆಲಸ ಮಾಡಿ. ಮಾಲೀಕರ ಒಪ್ಪಿಗೆ ಪಡೆದು, ನೆಲಕ್ಕೆ ಹಳೆಯ ಕಂಬಳಿ ಹಾಸಿ, ಇನ್ನೊಬ್ಬರ ನೆರವಿನಿಂದ ಬೈಕನ್ನು ಮೆಲ್ಲಗೆ ಎಡಕ್ಕೆ ಮಲಗಿಸಿ. ನಂತರ ಅದಕ್ಕೆ ಬೆನ್ನು ತಿರುಗಿಸಿ ನಿಂತು, ಸೀಟಿನ ಅಂಚಿಗೆ ಸೊಂಟ ಆನಿಸಿ, ಒಂದು ಕೈಯಲ್ಲಿ ಹ್ಯಾಂಡಲನ್ನೂ ಇನ್ನೊಂದರಲ್ಲಿ ಹಿಂದಿನ ಹಿಡಿಯನ್ನೂ ಹಿಡಿದು, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆ ಇಡುತ್ತಾ ಎತ್ತಿ ನೋಡಿ. ಶೋರೂಮಿನವರು ಇದಕ್ಕೆ ಒಪ್ಪದಿದ್ದರೆ ಅದೇ ಮಾದರಿಯ ಬೈಕಿರುವ ಗೆಳೆಯರನ್ನು ಹುಡುಕಿಕೊಳ್ಳಿ.