ಮೆಗಾವ್ಯಾಟ್ ಲೆಕ್ಕ, ಯೂನಿಟ್ ಲೆಕ್ಕ

ಇಂಧನ ಲೆಕ್ಕಪರಿಶೋಧನೆ ಮತ್ತು ಸೌರ ಘಟಕಗಳ ವಿನ್ಯಾಸ ನನ್ನ ವೃತ್ತಿ. ಇಲ್ಲಿ ಎದುರಾಗುವ ಹೆಚ್ಚಿನ ಪ್ರಶ್ನೆಗಳಿಗೆ ಒಮ್ಮೆ ಉತ್ತರಿಸಿದರೆ ಸಾಕು. ಒಂದು ಗೊಂದಲ ಮಾತ್ರ ಎಷ್ಟು ಬಿಡಿಸಿ ಹೇಳಿದರೂ ಮತ್ತೆ ಮತ್ತೆ ಹುಟ್ಟಿಕೊಳ್ಳುತ್ತದೆ. ಕಿಲೋವ್ಯಾಟ್, ಮೆಗಾವ್ಯಾಟ್‌ಗಳಲ್ಲಿ ಹೇಳುವ ಸ್ಥಾಪಿತ ಸಾಮರ್ಥ್ಯವನ್ನೂ ಮೀಟರ್‌ನಲ್ಲಿ ಓಡುವ ಯೂನಿಟ್ಟನ್ನೂ ಒಂದೇ ಎಂದು ತಿಳಿಯುವುದೇ ಆ ಗೊಂದಲ. ತಾರಸಿಯ ಮೇಲೆ ಮೂರು ಕಿಲೋವ್ಯಾಟ್ ಹಾಕಿಸಿದವರಲ್ಲಿಯೂ ಇದು ಇದೆ, ಪತ್ರಿಕೆಗಳ ತಲೆಬರಹಗಳಲ್ಲಿಯೂ ಇದೆ, ಅಂತರರಾಷ್ಟ್ರೀಯ ಸಮ್ಮೇಳನಗಳ ಘೋಷಣೆಗಳನ್ನು ನಾವು ಓದಿಕೊಳ್ಳುವ ರೀತಿಯಲ್ಲಿಯೂ ಇದೆ. ಮನೆಯ ಮಟ್ಟದಲ್ಲಿ ಇದರಿಂದ ಆಗುವುದು ನಿರಾಶೆಯಷ್ಟೇ. ದೇಶದ ಮಟ್ಟದಲ್ಲಿ ಇಂಗಾಲದ ಹೊರಸೂಸುವಿಕೆ ತಾನಾಗಿಯೇ ಇಳಿಯುತ್ತಿದೆಯೆಂಬ ಸುಳ್ಳು ಸಮಾಧಾನ ಹುಟ್ಟುತ್ತದೆ.

ಬಯಲುಸೀಮೆಯ ರೈತರಿಗೆ ಇದನ್ನು ವಿವರಿಸುವುದು ನಗರದ ವಿದ್ಯಾವಂತರಿಗೆ ವಿವರಿಸುವುದಕ್ಕಿಂತ ಸುಲಭ. ಕೊಳವೆಬಾವಿಯಲ್ಲಿ ಎರಡು ಇಂಚು ನೀರು ಬಿದ್ದಿದೆ ಎಂದರೆ ಅವರು ಕೂಡಲೇ ಕೇಳುವುದು ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು. ಇಂಚು ಹೇಳುವುದು ನೀರಿನ ರಭಸವನ್ನು. ಎಷ್ಟು ಹೊಲ ನೆನೆಯುತ್ತದೆ ಎಂಬುದು ಆ ರಭಸ ಎಷ್ಟು ಗಂಟೆ ನಿಲ್ಲುತ್ತದೆ ಎಂಬುದನ್ನು ಅವಲಂಬಿಸಿದೆ. ಕಿಲೋವ್ಯಾಟ್ ಆ ಇಂಚು, ಯೂನಿಟ್ ಹೊಲಕ್ಕೆ ಹರಿದ ನೀರು. ಒಂದು ಕಿಲೋವ್ಯಾಟ್ ಒಂದು ಗಂಟೆ ಪೂರ್ಣವಾಗಿ ನಡೆದರೆ ಒಂದು ಯೂನಿಟ್. ಆ ಲೆಕ್ಕದಲ್ಲಿ ದಿನಕ್ಕೆ 24 ಯೂನಿಟ್ ಬರಬೇಕು. ಆದರೆ ಕರ್ನಾಟಕದ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಸೌರಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಇದು ಇನ್ನೂ ಕಡಿಮೆಯಾಗಬಹುದು. ನೆರಳು, ಇಳಿಜಾರು, ದಿಕ್ಕು ನೋಡದೆ ಯಾರಿಗೂ ಖಚಿತ ಅಂಕಿ ಹೇಳಲಾಗದು.

ಗಂಗಾವತಿ ಕಡೆಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು, ಬಹಳ ಸಜ್ಜನರು, ಆ ಕ್ಷಣದ ಉತ್ಪಾದನೆ ತೋರಿಸುವ ಇನ್ವರ್ಟರ್ ಪರದೆಯ ಫೋಟೊಗಳನ್ನು ತಿಂಗಳುಗಟ್ಟಲೆ ತೆಗೆದಿಟ್ಟುಕೊಂಡು ನನ್ನ ಬಳಿ ಬಂದಿದ್ದರು. "ನೂರು ಕಿಲೋವ್ಯಾಟಿಗೆ ರೊಕ್ಕ ಕೊಟ್ಟೀನ್ರಿ ಸರ್, ಒಂದ್ ದಿನಾನೂ ನೂರು ತೋರ್ಸಿಲ್ರಿ" ಎಂಬುದು ಅವರ ಅಳಲು. ಏಪ್ರಿಲ್ ತಿಂಗಳ ನಡುಮಧ್ಯಾಹ್ನವೂ ಪರದೆಯಲ್ಲಿ ಎಂಬತ್ತು ದಾಟಿರಲಿಲ್ಲ. ಫಲಕದ ಮೇಲೆ ಬರೆದಿರುವ ಸಾಮರ್ಥ್ಯವು ಪ್ರಯೋಗಾಲಯದಲ್ಲಿ ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬಿದ್ದು, ಫಲಕದೊಳಗಿನ ಕೋಶದ ಉಷ್ಣತೆ 25 ಡಿಗ್ರಿ ಇರುವಾಗ ಅಳೆದದ್ದು. ನಮ್ಮ ಬೇಸಿಗೆಯಲ್ಲಿ ಕೋಶಗಳು 60 ಡಿಗ್ರಿ ಮುಟ್ಟುತ್ತವೆ, ಸಾಮಾನ್ಯ ಸಿಲಿಕಾನ್ ಫಲಕವು ಪ್ರತಿ ಡಿಗ್ರಿ ಏರಿಕೆಗೆ ಶೇ 0.35ರಿಂದ 0.4ರಷ್ಟು ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಅಲ್ಲಿಗೇ ಶೇ 12ಕ್ಕಿಂತ ಹೆಚ್ಚು ಹೋಯಿತು. ಅದರ ಮೇಲೆ ಗಿರಣಿಯ ತೌಡು, ಉಮಿಯ ದೂಳು. ನಾನು ಅವರಿಗೆ ಫೋಟೊಗಳನ್ನು ಬದಿಗಿಟ್ಟು ವರ್ಷದ ಒಟ್ಟು ಯೂನಿಟ್ ತೋರಿಸಿ ಎಂದೆ. ನೂರು ಕಿಲೋವ್ಯಾಟ್‌ಗೆ ವರ್ಷಕ್ಕೆ 1.4 ಲಕ್ಷದಷ್ಟು ಯೂನಿಟ್ ಬಂದರೆ ಸಮಾಧಾನಪಡಬೇಕು. ಅವರಿಗೆ ಬಂದದ್ದು ಅದಕ್ಕಿಂತ ತುಸು ಕಡಿಮೆ. ಘಟಕ ಹಾಕಿದವರು ಮೋಸ ಮಾಡಿರಲಿಲ್ಲ, ಫಲಕ ತೊಳೆಯುವವರು ಯಾರೂ ಇರಲಿಲ್ಲ.

ಇದೇ ಲೆಕ್ಕವನ್ನು ರಾಜ್ಯದ ಮಟ್ಟಕ್ಕೆ ಒಯ್ಯೋಣ. ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್ (ಒಂದು ಮೆಗಾವ್ಯಾಟ್ ಎಂದರೆ ಸಾವಿರ ಕಿಲೋವ್ಯಾಟ್). ಬರಗಾಲಕ್ಕೆ ಒಗ್ಗಿಹೋಗಿದ್ದ ಸೀಮೆಯಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದು ಕಟ್ಟಿದ ಈ ಯೋಜನೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಕೈಗಾದ ನಾಲ್ಕು ಪರಮಾಣು ಘಟಕಗಳ ಸಾಮರ್ಥ್ಯ ಎಲ್ಲ ಸೇರಿ 880 ಮೆಗಾವ್ಯಾಟ್. ಪಾವಗಡ ಎರಡು ಪಟ್ಟಿಗಿಂತ ದೊಡ್ಡದು ಎಂದು ಜನ ಹೇಳುತ್ತಾರೆ. ಆದರೆ ಸೌರ ಘಟಕವೊಂದು ವರ್ಷದಲ್ಲಿ ತನ್ನ ಪೂರ್ಣ ಸಾಮರ್ಥ್ಯದ ಐದನೇ ಒಂದರಿಂದ ನಾಲ್ಕನೇ ಒಂದು ಪಾಲಿನಷ್ಟು ದುಡಿಯುತ್ತದೆ. ಪರಮಾಣು ಘಟಕ ನಿರ್ವಹಣೆಗೆ ನಿಲ್ಲಿಸದಿದ್ದರೆ ಹಗಲು ರಾತ್ರಿ ನಡೆಯುತ್ತದೆ. ಕೈಗಾದ ಮೊದಲನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಬರೆದಿತ್ತು. ಹೀಗಾಗಿ ಒಳ್ಳೆಯ ವರ್ಷವೊಂದರಲ್ಲಿ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಚಿಕ್ಕದಾದ ಕೈಗಾವೇ ಹೆಚ್ಚು ಯೂನಿಟ್ ಕೊಡುತ್ತದೆ. ಪರಮಾಣು ವಿದ್ಯುತ್ತಿನ ಪರ ವಾದಿಸಲು ನಾನು ಇದನ್ನು ಹೇಳುತ್ತಿಲ್ಲ, ಅದರ ವೆಚ್ಚ ಮತ್ತು ತ್ಯಾಜ್ಯದ ಚರ್ಚೆಯೇ ಬೇರೆ.

ಭಾರತವು 2025ರಲ್ಲಿ ತನ್ನ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧ ಭಾಗವನ್ನು ಪಳೆಯುಳಿಕೆಯೇತರ, ಅಂದರೆ ಕಲ್ಲಿದ್ದಲು, ತೈಲ, ಅನಿಲಗಳಲ್ಲದ ಮೂಲಗಳಿಂದ ಪಡೆಯಿತು. 2030ಕ್ಕೆ ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮೊದಲೇ ಕೈಸೇರಿತು. ಹೆಮ್ಮೆಪಡಬೇಕಾದ ಸಂಗತಿ. ಆ ಸುದ್ದಿ ಬಂದ ವಾರ "ಇನ್ನು ನಮ್ಮ ಅರ್ಧ ಕರೆಂಟು ಶುದ್ಧವಾಯಿತಲ್ಲ" ಎಂದು ಕೇಳಿದವರಿಗೆ ನಾನು ಬೇಸರದಿಂದಲೇ ಉತ್ತರಿಸಬೇಕಾಯಿತು: ದೇಶದಲ್ಲಿ ಉತ್ಪಾದನೆಯಾಗುವ ಯೂನಿಟ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು ಇನ್ನೂ ಕಲ್ಲಿದ್ದಲಿನದೇ. ದುಬೈನಲ್ಲಿ 2023ರ ಡಿಸೆಂಬರ್‌ನಲ್ಲಿ ನಡೆದ ಹವಾಮಾನ ಸಮ್ಮೇಳನ 2030ರೊಳಗೆ ಜಗತ್ತಿನ ನವೀಕರಿಸಬಹುದಾದ ಇಂಧನವನ್ನು ಮೂರು ಪಟ್ಟು ಮಾಡಬೇಕೆಂದು ಹೇಳಿದ್ದೂ ಸಾಮರ್ಥ್ಯದ ಲೆಕ್ಕದಲ್ಲಿಯೇ. ಚೀನಾ 2024ರ ಒಂದೇ ವರ್ಷದಲ್ಲಿ ಸುಮಾರು 277 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಎಂದರೆ ಸಾವಿರ ಮೆಗಾವ್ಯಾಟ್) ಸೌರಫಲಕ ಕೂಡಿಸಿತು. ಅದೇ ವರ್ಷ ಜಗತ್ತಿನ ಇಂಧನಮೂಲದ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಮತ್ತೆ ಏರಿತು. ಇವೆರಡರಲ್ಲಿ ವಿರೋಧವೇನಿಲ್ಲ. ವಾತಾವರಣಕ್ಕೆ ಗೊತ್ತಾಗುವುದು ಸುಟ್ಟ ಕಲ್ಲಿದ್ದಲು ಮಾತ್ರ, ಹಾಕಿದ ಫಲಕವಲ್ಲ.

ಬ್ರಿಟನ್ನಿನ ಉದಾಹರಣೆ ನನಗೆ ಅದಕ್ಕಾಗಿಯೇ ಇಷ್ಟ. 2012ರಲ್ಲಿ ಅಲ್ಲಿ ಸುಮಾರು ಶೇ 40ರಷ್ಟು ಯೂನಿಟ್ ಕಲ್ಲಿದ್ದಲಿನಿಂದ ಬರುತ್ತಿತ್ತು. ಸ್ಥಾವರಗಳು ಹೊರಸೂಸುವ ಇಂಗಾಲಕ್ಕೆ ಕನಿಷ್ಠ ಬೆಲೆ ತೆರುವಂತೆ ಮಾಡಿದರು, ಸಮುದ್ರದಲ್ಲಿ ಗಾಳಿಯಂತ್ರ ನೆಟ್ಟರು, ಅನಿಲದ ಸ್ಥಾವರಗಳನ್ನೂ ಬಳಸಿದರು. 2024ರ ಸೆಪ್ಟೆಂಬರ್ 30ರಂದು ರ‍್ಯಾಟ್‌ಕ್ಲಿಫ್‌ನ ಸ್ಥಾವರ ನಿಂತಿತು, ಅದು ದೇಶದ ಕೊನೆಯ ಕಲ್ಲಿದ್ದಲು ಸ್ಥಾವರ. ಅಲ್ಲಿ ಯೂನಿಟ್ಟಿನ ಪಾಲೇ ಸೊನ್ನೆಗೆ ಇಳಿಯಿತು. ಬೇಡಿಕೆ ವರ್ಷ ವರ್ಷ ಏರುವ ನಮ್ಮಂಥ ದೇಶಕ್ಕೆ ಅದೇ ದಾರಿ ಅಷ್ಟೇ ಬೇಗ ಸಾಧ್ಯ ಎಂದು ನಾನು ಹೇಳಲಾರೆ.

ಯೂನಿಟ್ ಎಷ್ಟು ಎಂಬುದರ ಜೊತೆಗೆ ಯಾವ ಹೊತ್ತಿನಲ್ಲಿ ಎಂಬುದೂ ಸೇರಬೇಕು. ಮಧ್ಯಾಹ್ನ ಸೌರವಿದ್ಯುತ್ ಹರಿಯುವಾಗ ಕಲ್ಲಿದ್ದಲು ಸುಡುವ ಉಷ್ಣ ಸ್ಥಾವರಗಳು ಉತ್ಪಾದನೆ ತಗ್ಗಿಸುತ್ತವೆ, ಆದರೆ ಬಾಯ್ಲರನ್ನು ಪೂರ್ತಿ ಆರಿಸಿ ಸಂಜೆಗೆ ಮತ್ತೆ ಹೊತ್ತಿಸುವುದು ಸುಲಭವಲ್ಲ, ಸಂಜೆ ಏಳಕ್ಕೆ ಅವು ಬೇಕೇ ಬೇಕು. ಇದಕ್ಕೆ ನಮ್ಮಲ್ಲಿ ಕೈಗೆಟುಕುವ ಉಪಾಯ ನೀರಾವರಿ ಪಂಪ್‌ಸೆಟ್‌ಗಳನ್ನು ಹಗಲಿಗೆ ತರುವುದು. ರಾತ್ರಿ ಎರಡಕ್ಕೆ ತ್ರೀಫೇಸ್ ಬಂದಾಗ ಟಾರ್ಚ್ ಹಿಡಿದು ಹಾವು, ಚಿರತೆಗಳ ಭಯದಲ್ಲಿ ಹೊಲಕ್ಕೆ ಹೋಗಿ ಮೋಟರ್ ಹಾಕುವ ರೈತರನ್ನು ಕಂಡವರಿಗೆ, ಪಂಪ್‌ಸೆಟ್‌ಗಳಿಗೆ ಕರೆಂಟು ಒಯ್ಯುವ ಮಾರ್ಗವಾದ ಫೀಡರನ್ನು ಸೌರವಿದ್ಯುತ್ತಿನಿಂದ ನಡೆಸುವ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯ ಬೆಲೆ ಇಂಗಾಲದ ಲೆಕ್ಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇತ್ತೀಚೆಗೆ ಬ್ಯಾಟರಿಯ ವಿಷಯದಲ್ಲೂ ಅದೇ ಗೊಂದಲ ಶುರುವಾಗಿದೆ. ದಕ್ಷಿಣ ಆಸ್ಟ್ರೇಲಿಯದ ಹಾರ್ನ್ಸ್‌ಡೇಲ್‌ನಲ್ಲಿ 2017ರಲ್ಲಿ ಸ್ಥಾಪಿಸಿದ ಬ್ಯಾಟರಿಯನ್ನು ಎಲ್ಲರೂ ನೂರು ಮೆಗಾವ್ಯಾಟಿನದು ಎಂದರು. ಅದು ಹಿಡಿದಿಡುತ್ತಿದ್ದದ್ದು 129 ಮೆಗಾವ್ಯಾಟ್-ಗಂಟೆ, ಅಂದರೆ ಪೂರ್ಣ ರಭಸದಲ್ಲಿ ಒಂದೂಕಾಲು ಗಂಟೆಗಿಂತ ತುಸು ಹೆಚ್ಚು. ಗ್ರಿಡ್‌ನ ಏರುಪೇರನ್ನು ಕ್ಷಣದಲ್ಲಿ ಸರಿಪಡಿಸಲು ಅದು ಅತ್ಯುತ್ತಮ, ರಾತ್ರಿಯಿಡೀ ಊರು ನಡೆಸಲು ಅಲ್ಲ. ಆದ್ದರಿಂದ ನಿಮ್ಮ ಮುಂದೆ ಸೌರ ಘಟಕದ ಕೊಟೇಶನ್ ಬಂದರೆ ಮೊದಲ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದನ್ನು ಬರೆಸಿಕೊಳ್ಳಿ, ಬ್ಯಾಟರಿಯೂ ಇದ್ದರೆ ಎಷ್ಟು ಕಿಲೋವ್ಯಾಟ್ ಹೊರೆಯನ್ನು ಎಷ್ಟು ಗಂಟೆ ಹೊರುತ್ತದೆ ಎಂಬುದನ್ನೂ ಬರೆಸಿಕೊಳ್ಳಿ, ಅದನ್ನು ಬರೆದುಕೊಡಲು ಒಪ್ಪದವರಿಗೆ ಮುಂಗಡ ಕೊಡಬೇಡಿ.